ಕೈಹೆಣಿಗೆಯ ಕಾಲುಚೀಲ: ಹಿಮ್ಮಡಿಯ ಮೂಲೆಯ ತೂತು ಹೋದ ಬಗೆ

ಮೇಲಂಚಿನಿಂದ ಬೆರಳಿನ ಕಡೆಗೆ ಹೆಣೆಯುವ ಕಾಲುಚೀಲದಲ್ಲಿ, ಹಿಮ್ಮಡಿಯ ಪಟ್ಟಿಯು ಪಾದದ ಮೇಲ್ಭಾಗವನ್ನು ಸೇರುವ ಎರಡೂ ಮೂಲೆಗಳಲ್ಲಿ ಕಡಲೆಕಾಳಿನಷ್ಟು ತೂತು ಉಳಿಯುತ್ತಿತ್ತು. ನೂಲನ್ನು ಬಿಗಿಯಾಗಿ ಎಳೆದರೆ ತೂತು ಪಕ್ಕದ ಕುಣಿಕೆಗೆ ಸರಿಯುತ್ತಿತ್ತೇ ಹೊರತು ಮುಚ್ಚುತ್ತಿರಲಿಲ್ಲ. ಕೊನೆಯಲ್ಲಿ ಒಳಗಿನಿಂದ ಸೂಜಿಯಲ್ಲಿ ಹೊಲಿದರೆ ಆ ಜಾಗ ಗಂಟುಕಟ್ಟಿ ಬೂಟಿನೊಳಗೆ ಚುಚ್ಚುತ್ತಿತ್ತು. ಮೂಲೆಯ ಸಡಿಲ ಕಂಡಿಯಿಂದಲೇ ಒಂದು ಕುಣಿಕೆ ಎತ್ತಿದಾಗ ತೂತು ಇನ್ನಷ್ಟು ಹಿಗ್ಗಿತು.

ಫಲ ಕೊಟ್ಟದ್ದು ಆ ಹೆಚ್ಚುವರಿ ಕುಣಿಕೆಯನ್ನು ತಿರುಚಿ ಹೆಣೆಯುವ ಕ್ರಮ. ನನ್ನ ಲೆಕ್ಕ 2.25 ಮಿ.ಮೀ. ಕಡ್ಡಿಗೆ, ಒಟ್ಟು 64 ಕುಣಿಕೆಗೆ. ಹಿಮ್ಮಡಿಯ ಪಟ್ಟಿಯನ್ನು 32 ಕುಣಿಕೆಗಳಲ್ಲಿ 32 ಸಾಲು ಹೆಣೆಯುವಾಗ ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಬೇಕು. ಆಗ ಎರಡೂ ಅಂಚುಗಳಲ್ಲಿ ತಲಾ 16 ಕೊಂಡಿಗಳ ಸರಪಳಿ ಮೂಡುತ್ತದೆ. ಹಿಮ್ಮಡಿ ತಿರುಗಿಸಿದ ಮೇಲೆ, ಅಂದರೆ ಕುಣಿಕೆ ಕಡಿಮೆ ಮಾಡುತ್ತಾ ಪಟ್ಟಿಯ ತುದಿಗೆ ಬಟ್ಟಲಿನ ಆಕಾರ ಕೊಟ್ಟ ಮೇಲೆ, 18 ಕುಣಿಕೆ ಉಳಿಯುತ್ತವೆ. ಒಂದು ಬದಿಯ ಸರಪಳಿಯಿಂದ 16 ಎತ್ತಿ, ಅದರ ಕೊನೆಗೂ ಮೇಲ್ಭಾಗದ ಮೊದಲ ಕುಣಿಕೆಗೂ ನಡುವೆ ಅಡ್ಡ ಹಾಯುವ ಎಳೆಯನ್ನು ಎಡಗಡ್ಡಿಯಿಂದ ಮುಂದಿನಿಂದ ಹಿಂದಕ್ಕೆ ಎತ್ತಿ, ಹಿಂಬದಿಯ ಕಾಲಿನಲ್ಲಿ (ಕುಣಿಕೆಯ, ಕಡ್ಡಿಯ ಹಿಂದೆ ಬೀಳುವ ಎಳೆಯಲ್ಲಿ) ಹೆಣೆಯಬೇಕು. ಮೇಲ್ಭಾಗದ 32 ಮುಗಿದ ಮೇಲೆ ಆಚೆಯ ಮೂಲೆಯ ಎಳೆಯನ್ನು ಹಿಂದಿನಿಂದ ಮುಂದಕ್ಕೆ ಎತ್ತಿ, ಮುಂಬದಿಯ ಕಾಲಿನಲ್ಲಿ ಹೆಣೆದು, ಆ ಬದಿಯ ಸರಪಳಿಯಿಂದ ಉಳಿದ 16 ಎತ್ತಬೇಕು. ಈಗ ಕಡ್ಡಿಯಲ್ಲಿ 84 ಇರುತ್ತವೆ.

ಮುಂದಿನ ಸುತ್ತನ್ನು ಅವಸರಿಸಬಾರದು. ಸರಪಳಿಯಿಂದ ಎತ್ತಿದ ಕುಣಿಕೆಗಳನ್ನೆಲ್ಲ ಹಿಂಬದಿಯ ಕಾಲಿನಲ್ಲಿ ಹೆಣೆದು, ಎರಡೂ ಮೂಲೆಗಳ ಹೆಚ್ಚುವರಿ ಕುಣಿಕೆಯನ್ನು ಪಕ್ಕದ ಸರಪಳಿಯ ಕುಣಿಕೆಯೊಂದಿಗೆ ಜೋಡಿಸಿ ಹೆಣೆದರೆ 82 ಉಳಿಯುತ್ತವೆ. ಅನಂತರ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೂ ಬದಿಗೆ ಒಂದೊಂದರಂತೆ 9 ಬಾರಿ ಕಡಿಮೆ ಮಾಡಿದರೆ ಮತ್ತೆ 64 ಆಗುತ್ತದೆ.