ಅಪ್ಪನ ಹಿಯರಿಂಗ್ ಏಡ್ ಸರಿಹೋದದ್ದು ಹೀಗೆ

ಅಪ್ಪನ ಹಿಯರಿಂಗ್ ಏಡ್ ತಿಂಗಳಿಂದ ಡಬ್ಬಿಯಲ್ಲೇ ಇತ್ತು. ಮಡಿಕೇರಿ ಮಳೆ, ತಗಡಿನ ಮಾಡು. ಹಾಕಿದ ಕೂಡಲೇ "ತಲೆ ಸಿಡಿಯುತ್ತೆ" ಅಂತ ತೆಗೆದುಬಿಡುತ್ತಿದ್ದರು. ಸುಮ್ನೆ ವಾಲ್ಯೂಮ್ ತಗ್ಗಿಸಿದರೆ ಮಾತೂ ಕೇಳಲ್ಲ, ಅಲ್ವಾ? ಒಂದು ವಾರ ಯಾವ ಸದ್ದು ಚುಚ್ಚುತ್ತೆ, ಯಾವ ಮಾತು ತಪ್ಪುತ್ತೆ ಅಂತ ಬರೆದಿಟ್ಟೆ. ಸ್ಟೀಲ್ ತಟ್ಟೆ ಇಟ್ಟ ಸದ್ದು, ಮಳೆ, ಮತ್ತೆ ಅಮ್ಮ "ಸಾಕು" ಅಂದದ್ದು "ಹಾಕು" ಅಂತ ಕೇಳಿ ಅಪ್ಪ ಇನ್ನೊಂದು ಸೌಟು ಸಾರು ಬಡಿಸಿದ್ದು.

ಆಡಿಯಾಲಜಿಸ್ಟ್‌ಗೆ (ಕಿವಿ ಪರೀಕ್ಷಿಸಿ ಹಿಯರಿಂಗ್ ಏಡ್ ಹೊಂದಿಸುವವರು) ಆ ಚೀಟಿಯೇ ಜಾಸ್ತಿ ಉಪಯೋಗಕ್ಕೆ ಬಂತು. ಕಿವಿಯೊಳಗೆ ಸಣ್ಣ ನಳಿಗೆ ಇಟ್ಟು ಎಷ್ಟು ಸದ್ದು ತಲುಪುತ್ತೆ ಅಂತ ಅಳೆದು, ಜೋರು ಸದ್ದಿನ ಮಿತಿ ಇಳಿಸಿದರು, "ಸ", "ಶ" ಇರುವ ಮೇಲಿನ ಫ್ರೀಕ್ವೆನ್ಸಿಯ ಮೆಲುದನಿಯನ್ನು ಮಾತ್ರ ಸ್ವಲ್ಪ ಏರಿಸಿದರು. ಇಲ್ಲಿನ ತೇವಕ್ಕೆ ರಾತ್ರಿ ಏಡ್ ಇಡೋಕೆ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿ. ಈಗ ಅಪ್ಪ ಎದ್ದ ಕೂಡಲೇ ಹಿಯರಿಂಗ್ ಏಡನ್ನೇ ಹುಡುಕುತ್ತಾರೆ.