ಲ್ಯಾಸಿಕ್ ಆದಮೇಲೆ ಕಣ್ಣು ಮಂಜಾದರೆ ಮೊದಲು ಕ್ಯಾಲೆಂಡರ್ ನೋಡಿ

ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ ಲ್ಯಾಸಿಕ್ ಮಾಡಿಸಿಕೊಂಡ ಹೆಚ್ಚಿನವರಿಗೆ ಮಾರನೇ ದಿನವೇ ಕನ್ನಡಕವಿಲ್ಲದೆ ಬಸ್ಸಿನ ಬೋರ್ಡು ಓದಲು ಬರುತ್ತದೆ. ಎಡವಟ್ಟಾಗುವುದೂ ಅಲ್ಲೇ. ಚೆನ್ನಾಗೇ ಕಾಣ್ತಿದೆಯಲ್ಲ, ಸುಮ್ನೆ ಯಾಕೆ ಅಷ್ಟು ದೂರ ಹೋಗೋದು ಅಂತ ಮೊದಲ ತಪಾಸಣೆ ತಪ್ಪಿಸುತ್ತಾರೆ. ಉರಿಯೂತ ಬರುವುದಾದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಆ ಒಂದೆರಡು ದಿನದಲ್ಲೇ.

ಲ್ಯಾಸಿಕ್‌ನಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಭಾಗದ, ಮೇಲಿನ ತೆಳು ಪದರವನ್ನು ಎತ್ತಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಆ ಪದರವೇ ಫ್ಲ್ಯಾಪ್. ಹೊಲಿಗೆ ಇರುವುದಿಲ್ಲ. ಅದರಡಿಯ ಸಂದಿಗೆ ಬಿಳಿ ರಕ್ತಕಣಗಳು ಬಂದು ಸೇರಿಕೊಂಡರೆ ಡಿಎಲ್‌ಕೆ, ಅಂದರೆ ಡಿಫ್ಯೂಸ್ ಲ್ಯಾಮೆಲ್ಲರ್ ಕೆರಟೈಟಿಸ್. ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪ್‌ನಲ್ಲಿ ಮರಳಿನ ಅಲೆಗಳ ಹಾಗೆ ಕಾಣುವುದರಿಂದ ವೈದ್ಯರು ಇದನ್ನು ಸಹಾರಾ ಮರಳು ಅಂತಲೂ ಕರೆಯುತ್ತಾರೆ. 1998ರಲ್ಲಿ ಇದರ ವಿವರ ಮೊದಲು ಪ್ರಕಟವಾಯಿತು.

ಇದು ಸೋಂಕಲ್ಲ. ಗ್ಲೌಸಿನ ಪುಡಿ, ರೆಪ್ಪೆಯಂಚಿನ ಎಣ್ಣೆ, ಕಾರ್ನಿಯಾದ ಮೇಲ್ಪೊರೆ ತರಚುವುದು, ಇಂಥ ಯಾವುದರಿಂದಲೂ ಕೆರಳಬಹುದು. ಉಪಕರಣಗಳನ್ನು ಶುದ್ಧಮಾಡುವ ಸ್ಟೆರಿಲೈಸರ್‌ನ ನೀರಿನ ತೊಟ್ಟಿಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಬಿಸಿಗೆ ಸತ್ತರೂ ಅದರ ವಿಷ ಸಾಯುವುದಿಲ್ಲ, ಉಪಕರಣಕ್ಕೆ ಅಂಟಿಕೊಂಡು ಬರುತ್ತದೆ. ಅದಕ್ಕೇ ಒಂದೇ ದಿನ ಆಪರೇಷನ್ ಆದ ಹಲವರಿಗೆ ಒಟ್ಟಿಗೇ ಬಂದದ್ದೂ ಉಂಟು.

ಆಪರೇಷನ್‌ಗೆ ಮುಂಚೆ: ರೆಪ್ಪೆಯ ಅಂಚಿನಲ್ಲಿ ಹೊಟ್ಟು, ಕೆಂಪು ಇದ್ದರೆ ಅದನ್ನು ವಾಸಿ ಮಾಡಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ) ಇದ್ದರೆ ಹೇಳಿ.

ಮಾರನೇ ದಿನ: ತಪಾಸಣೆಗೆ ಹೋಗಲೇಬೇಕು. ಡಿಎಲ್‌ಕೆಗೆ ನಾಲ್ಕು ಹಂತ. ಮೊದಲ ಹಂತದಲ್ಲಿ ಕಣಗಳು ಅಂಚಿನಲ್ಲಷ್ಟೇ ಇರುತ್ತವೆ, ನಿಮಗೆ ಏನೂ ಗೊತ್ತಾಗದೇ ಇರಬಹುದು. ಎರಡನೆಯದರಲ್ಲಿ ನಡುವಿಗೂ ಹಬ್ಬುತ್ತವೆ. ಇಲ್ಲಿಯವರೆಗೆ ಉರಿಯೂತ ಇಳಿಸುವ ಸ್ಟಿರಾಯ್ಡ್ ಡ್ರಾಪ್ಸ್ ಸಾಮಾನ್ಯವಾಗಿ ಸಾಕು, ಕೆಲವೊಮ್ಮೆ ಗಂಟೆಗೊಂದು ಸಲ. ಮೂರರಲ್ಲಿ ಕಣಗಳು ಗುಂಪುಗಟ್ಟಿ ದೃಷ್ಟಿ ಇಳಿಯುತ್ತದೆ. ಆಗ ಫ್ಲ್ಯಾಪ್ ಎತ್ತಿ ತೊಳೆಯಬೇಕಾಗಬಹುದು. ನಾಲ್ಕಕ್ಕೆ ಹೋದರೆ ಕಲೆ ಉಳಿಯುತ್ತದೆ.

ಡ್ರಾಪ್ಸ್ ಹಾಕುವಾಗ: ಕೈ ತೊಳೆಯಿರಿ. ಪ್ರೆಡ್ನಿಸೊಲೋನ್ ಅಸಿಟೇಟ್ ಎಂಬ ಸ್ಟಿರಾಯ್ಡ್ ಬಾಟಲಿಯಲ್ಲಿ ಔಷಧಿ ತಳ ಸೇರಿರುತ್ತದೆ. ಚೆನ್ನಾಗಿ ಅಲುಗಾಡಿಸದಿದ್ದರೆ ಕಣ್ಣಿಗೆ ಹೆಚ್ಚುಕಮ್ಮಿ ಬರೀ ನೀರು ಬೀಳುತ್ತದೆ. ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗಿ ಒಂದು ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಇನ್ನೊಂದು ಔಷಧಿಗೆ ಐದು ನಿಮಿಷ ಬಿಡಿ. ಕಣ್ಣು ಉಜ್ಜಬೇಡಿ.

ಮಂಜು ಕಂಡ ದಿನ ಬರೆದಿಡಿ: ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಮೊದಲ ಎರಡು ಮೂರು ದಿನದ ಮಂಜು ಡಿಎಲ್‌ಕೆ ಇರಬಹುದು. ಮೂರರಿಂದ ಒಂಬತ್ತನೇ ದಿನದೊಳಗೆ ಕಾರ್ನಿಯಾದ ನಟ್ಟ ನಡುವೆ ಮಬ್ಬಾದರೆ ಅದು ಸೆಂಟ್ರಲ್ ಟಾಕ್ಸಿಕ್ ಕೆರಟೋಪಥಿ ಎಂಬ, ಉರಿಯೂತವಲ್ಲದ ಬೇರೆ ತೊಂದರೆ ಇರಬಹುದು, ಅದಕ್ಕೆ ಸ್ಟಿರಾಯ್ಡ್‌ನಿಂದ ಉಪಯೋಗವಿಲ್ಲ.

ಮೋಸ ಮಾಡುವುದು ಒಂದು ವಾರ ಕಳೆದಮೇಲೆ, ಇನ್ನೂ ಸ್ಟಿರಾಯ್ಡ್ ಹಾಕುತ್ತಿರುವಾಗ ಬರುವ ಮಂಜು. ಕೆಲವರಿಗೆ ಸ್ಟಿರಾಯ್ಡ್‌ನಿಂದ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಆಗ ನೀರು ಜಿನುಗಿ ಫ್ಲ್ಯಾಪ್ ಅಡಿ ಸೇರುತ್ತದೆ. ನೋಡಲು ಡಿಎಲ್‌ಕೆ ಥರಾನೇ ಇರುತ್ತದೆ. ಉರಿಯೂತ ಅಂದುಕೊಂಡು ಡ್ರಾಪ್ಸ್ ಜಾಸ್ತಿ ಮಾಡಿದರೆ ಒತ್ತಡ ಇನ್ನೂ ಏರಿ, ಕಣ್ಣಿನ ನರಕ್ಕೇ ಪೆಟ್ಟು. ಇನ್ನೊಂದು ತಮಾಷೆ ನೋಡಿ: ಅಡಿಯಲ್ಲಿ ನೀರಿದ್ದರೆ ಕಾರ್ನಿಯಾದ ನಡುವೆ ಅಳೆದ ಒತ್ತಡ ಕಡಿಮೆಯೇ ತೋರಿಸುತ್ತದೆ. ಅಂಚಿನಲ್ಲೂ ಅಳೆದಿರಾ ಅಂತ ಕೇಳಲು ಹಿಂಜರಿಯಬೇಡಿ. ಇದಕ್ಕೆ ಚಿಕಿತ್ಸೆ ಸ್ಟಿರಾಯ್ಡ್ ನಿಲ್ಲಿಸಿ ಒತ್ತಡ ಇಳಿಸುವುದು, ಅದೂ ವೈದ್ಯರು ನೋಡಿದ ಮೇಲೆ. ಮೆಡಿಕಲ್ ಶಾಪಿನಲ್ಲಿ ಹಳೇ ಬಾಟಲಿ ತೋರಿಸಿ ಇನ್ನೊಂದು ತರುವುದು ಯಾಕೆ ಅಪಾಯ ಅಂತ ಈಗ ಗೊತ್ತಾಯಿತು ಅಲ್ವಾ?

ನೋವು, ಕೀವು, ಬಿಳಿ ಚುಕ್ಕೆ ಕಂಡರೆ ದಿನ ಲೆಕ್ಕ ಹಾಕುತ್ತಾ ಕೂರಬೇಡಿ, ಅವತ್ತೇ ಹೋಗಿ. ಸೋಂಕು ಮೊದಲ ವಾರದಲ್ಲೂ ಬರಬಹುದು. ಮೈಕೋಬ್ಯಾಕ್ಟೀರಿಯಾ ಎಂಬ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಜಾತಿಯ ಸೋಂಕು ವಾರಗಳ ನಂತರವೂ ತಲೆ ಎತ್ತುತ್ತದೆ.

ವರ್ಷಗಳಾದಮೇಲೆ: ಮಗುವಿನ ಉಗುರು ತಾಗಿ ಕಾರ್ನಿಯಾ ತರಚಿದರೂ ಹಳೇ ಫ್ಲ್ಯಾಪ್ ಅಡಿ ಡಿಎಲ್‌ಕೆ ಬರಬಹುದು. ಹೊಸ ವೈದ್ಯರ ಹತ್ತಿರ ಹೋದಾಗ ಲ್ಯಾಸಿಕ್ ಆಗಿದೆ, ಇಂಥ ವರ್ಷ ಅಂತ ಮೊದಲೇ ಹೇಳಿ. ಹಳೇ ರಿಪೋರ್ಟುಗಳ ಫೋಟೊ ಫೋನಿನಲ್ಲಿರಲಿ. ಮುಂದೆ ಕಣ್ಣಿನ ಪೊರೆ ಆಪರೇಷನ್‌ಗೆ ಲೆನ್ಸ್ ಲೆಕ್ಕ ಹಾಕುವಾಗಲೂ ಅವು ಬೇಕಾಗುತ್ತವೆ.