ವೆಲ್ಡಿಂಗ್ ಕಡ್ಡಿಯಿಂದ ಕಟ್ಟಿದ ನಿಂಫ್: ನನ್ನ ಅನುಭವ

ನಿಂಫ್ ಅಂದರೆ ನೀರೊಳಗಿನ ಮರಿಹುಳದ ಥರ ಕಾಣುವಂತೆ ಗಾಳದ ಮೇಲೆ ಕಟ್ಟುವ ಕೃತಕ ಎರೆ. ಹಿಮಾಚಲದ ತೀರ್ಥನ್ ನದಿಗೆ ಅದನ್ನು ತಗೊಂಡು ಹೋಗ್ತೀನಿ ಅಂದಾಗ ನಮ್ಮ ಬೆಂಗಳೂರಿನ ಗಾಳದ ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ. "ಅಲ್ಲಿ ಸ್ಪಿನ್ನರ್ ಬಿಟ್ರೆ ಬೇರೆ ಏನೂ ನಡೆಯಲ್ಲ ಗುರು" ಅಂದರು. ಸ್ಪಿನ್ನರ್ ಅಂದರೆ ನೀರಿನಲ್ಲಿ ಗಿರಗಿರ ತಿರುಗುವ ಲೋಹದ ಎರೆ. ನದಿ ದಡದ ಗುಶೈನಿಯಲ್ಲಿ ನಮ್ಮ ಜೊತೆ ಬರುವ ಗೈಡ್ ಕೂಡ ಅದನ್ನೇ ಹೇಳಿದ್ದರು. ಈಗ ಅವರೇ ನನ್ನ ಡಬ್ಬಿಯಿಂದ ಕೇಳದೆ ಎರಡು ಎತ್ತಿಕೊಳ್ಳುತ್ತಾರೆ, ಆ ಮಾತು ಬೇರೆ.

ಅವರು ಅನುಮಾನ ಪಟ್ಟಿದ್ದರಲ್ಲಿ ತಪ್ಪಿರಲಿಲ್ಲ. ತೀರ್ಥನ್‌ನ ಬ್ರೌನ್ ಟ್ರೌಟ್ ಮೀನು ಬಂಡೆಯ ಹಿಂದಿನ ಸಣ್ಣ ಮಡುವಿನಲ್ಲಿ, ತಳದ ಹತ್ತಿರವೇ ನಿಂತಿರುತ್ತದೆ. ನಮ್ಮ ಫ್ಲೈ, ಅಂದರೆ ಕಟ್ಟಿದ ಕೃತಕ ಹುಳ, ಆ ಜಾಗ ದಾಟಲು ಎರಡು ಮೂರು ಸೆಕೆಂಡ್ ಸಾಕು. ಅಷ್ಟರಲ್ಲಿ ತಳ ಸೇರದಿದ್ದರೆ ಎಸೆದದ್ದು ದಂಡ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರ್ಯಾಂಕ್ ಸಾಯರ್ ದಾರದ ಬದಲು ಬರೀ ತಾಮ್ರದ ತಂತಿ ಸುತ್ತಿ ನಿಂಫ್ ಕಟ್ಟಿದ್ದರು. ಅವರ ನದಿ ಸಮಾಧಾನದ್ದು. ಇಲ್ಲಿ ಅಷ್ಟು ತೂಕ ಯಾವ ಮೂಲೆಗೂ ಸಾಲಲ್ಲ.

ತೂಕಕ್ಕೆ ಗಾಳದ ತಲೆಗೆ ಪೋಣಿಸುವ, ಟಂಗ್‌ಸ್ಟನ್ ಅನ್ನೋ ಭಾರದ ಲೋಹದ ಮಣಿ ತರಿಸಿದರೆ ಆಯ್ತಲ್ಲ ಅನ್ನಬಹುದು. ತರಿಸಿದೆ. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಒಂದು ಮಣಿಗೆ ನಲವತ್ತು ರೂಪಾಯಿ ಹತ್ತಿರ ಬಿತ್ತು. ತೀರ್ಥನ್‌ನಲ್ಲಿ ಒಂದು ಬೆಳಗ್ಗೆಗೆ ಎಂಟು ಹತ್ತು ಫ್ಲೈ ಕಲ್ಲಿಗೆ ಸಿಕ್ಕಿ ಹೋಗುತ್ತವೆ. ಲೆಕ್ಕ ನೀವೇ ಹಾಕಿ.

ಹಾಗಾಗಿ ಅಗ್ಗದ ದಾರಿ ಹುಡುಕಲು ಹೊರಟೆ. ಚಿಕ್ಕಪೇಟೆಯಲ್ಲಿ ಹಿತ್ತಾಳೆ ಮಣಿ ಸಿಕ್ಕಿತು, ನೂರಕ್ಕೆ ಒಂದು ಹಿಡಿ. ಆದರೆ ಅದರ ತೂತು ನೇರ, ಗಾಳದ ಬಾಗಿನಲ್ಲಿ ದಾಟುವುದೇ ಇಲ್ಲ. ಡ್ರಿಲ್ ಇಟ್ಟು ಹಿಂಬದಿ ಅಗಲ ಮಾಡಿದರೆ ಇದ್ದ ತೂಕವೂ ಹೋಯಿತು. ಗಾಜಿನ ಮಣಿ ನೋಡೋಕೆ ಚೆಂದ, ಮೊದಲ ಬಂಡೆಗೇ ಪುಡಿ. ಆಮೇಲೆ ಎಸ್.ಪಿ. ರೋಡಿನಿಂದ ಸಾಲ್ಡರ್ ತಂತಿ. ಅದರೊಳಗೆ ಫ್ಲಕ್ಸ್ ಅನ್ನೋ ಹಗುರ ರಾಳ ತುಂಬಿರುತ್ತೆ, ಕಣ್ಣಿಗೆ ಕಂಡಷ್ಟು ತೂಕ ಇರಲ್ಲ. ಕೊನೆಗೆ ಸೀಸ. ಸೀಸ ಮುಳುಗುತ್ತೆ, ನಿಜ. ಆದರೆ ಬೇಕಾದಷ್ಟು ತೂಕ ಬರುವ ಹೊತ್ತಿಗೆ ಮೈ ದಪ್ಪ ಆಗಿ, ನೀರು ಅದನ್ನೇ ಹಿಡಿದು ಎತ್ತುತ್ತದೆ. ಅದೂ ಅಲ್ಲದೆ ಒಂದೊಂದು ಬೆಳಗ್ಗೆ ಅಷ್ಟೊಂದು ಸೀಸವನ್ನು ನದಿಗೆ ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ.

ಉಪಾಯ ಸಿಕ್ಕಿದ್ದು ಪೀಣ್ಯದ ಒಂದು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ. ಟಿಗ್ ವೆಲ್ಡಿಂಗ್‌ನ ಕಡ್ಡಿ ಅಂದರೆ ಹೆಚ್ಚುಕಮ್ಮಿ ಅಪ್ಪಟ ಟಂಗ್‌ಸ್ಟನ್ ಅಲ್ವಾ! ಸೀಸದ ಸಾಂದ್ರತೆ 11.3, ಇದರದು 19ರ ಮೇಲೆ. "ಯಾವ ಮೆಟಲ್‌ಗೆ ಸಾರ್, ಎಷ್ಟು ಆಂಪ್ಸ್?" ಅಂತ ಅಂಗಡಿಯವರು ಕೇಳಿದರು. ಟ್ರೌಟ್‌ಗೆ ಅನ್ನೋಕಾಗುತ್ತಾ? ಸ್ಟೀಲ್‌ಗೆ ಅಂದೆ. 1.6 ಮಿ.ಮೀ. ದಪ್ಪದ ಕಡ್ಡಿ, ಉದ್ದ 150 ಮಿ.ಮೀ., ಆಗ ನೂರರಿಂದ ನೂರೈವತ್ತು ರೂಪಾಯಿ ಒಳಗೆ ಸಿಕ್ಕಿತು. ಐದು ಮಿ.ಮೀ. ತುಂಡು ಮಾಡಿದರೆ ಹಾಳಾಗೋದು ಕಳೆದು ಇಪ್ಪತ್ತೈದರ ಆಸುಪಾಸು ಬರುತ್ತವೆ. ತುಂಡೊಂದು ಸುಮಾರು 0.19 ಗ್ರಾಂ. ಮೂರು ಮಿ.ಮೀ. ಟಂಗ್‌ಸ್ಟನ್ ಮಣಿಯ ಹತ್ತಿರದ ತೂಕ, ಐದಾರು ರೂಪಾಯಿಗೆ.

ಒಂದು ಎಚ್ಚರಿಕೆ. ಕೆಂಪು ತುದಿಯ ಕಡ್ಡಿ ಬೇಡ. ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತೆ, ಅದರ ಧೂಳು ಒಳಗೆ ಹೋಗಬಾರದು. ಬೂದು ಅಥವಾ ಹಸಿರು ತುದಿಯದನ್ನೇ ಕೇಳಿ. ಅದನ್ನು ಕತ್ತರಿಸುವಾಗಲೂ ಮಾಸ್ಕ್, ಕನ್ನಡಕ ಬೇಕೇ ಬೇಕು.

ಇಕ್ಕಳದಲ್ಲಿ ಕತ್ತರಿಸಲು ಹೋಗಬೇಡಿ, ಸೀಳಿಕೊಂಡು ಸಿಡಿಯುತ್ತದೆ. ಡೈಮಂಡ್ ಡಿಸ್ಕ್‌ನಲ್ಲಿ ಸುತ್ತಲೂ ಗೀರು ಹಾಕಿ, ಟೇಪ್ ಸುತ್ತಿ ಮುರಿಯಬೇಕು. ಧೂಳು ಏಳದಂತೆ ನೀರು ಹನಿಸುತ್ತಾ ಇರಿ. ತುದಿಗಳನ್ನು ಉಜ್ಜುಕಲ್ಲಿನಲ್ಲಿ ಇಳಿಜಾರು ಮಾಡಿಕೊಳ್ಳಿ, ಇಲ್ಲದಿದ್ದರೆ ದಾರ ಅಲ್ಲಿ ಜಾರಿ ಗುಂಡಿ ಬೀಳುತ್ತೆ.

ಈಗ ಮುಖ್ಯ ವಿಷಯ. ತುಂಡನ್ನು ಶ್ಯಾಂಕ್‌ನ, ಅಂದರೆ ಗಾಳದ ನೇರ ಭಾಗದ, ಮೇಲ್ಭಾಗಕ್ಕೇ ಕಟ್ಟಬೇಕು. ಪಕ್ಕಕ್ಕೂ ಅಲ್ಲ, ಕೆಳಗೂ ಅಲ್ಲ. ಆಗ ನೀರಿನಲ್ಲಿ ಫ್ಲೈ ಮಗುಚಿಕೊಳ್ಳುತ್ತದೆ, ಗಾಳದ ಮೊನೆ ಮೇಲೆ ಬರುತ್ತದೆ, ಕಲ್ಲಿಗೆ ಸಿಕ್ಕೋದು ಅರ್ಧಕ್ಕರ್ಧ ಕಮ್ಮಿ. ನನ್ನ ದುಡ್ಡು ಉಳಿದದ್ದು ಕಡ್ಡಿ ಅಗ್ಗ ಅಂತ ಅಷ್ಟೇ ಅಲ್ಲ, ಇದರಿಂದ ಜಾಸ್ತಿ. ಮೇಲ್ಭಾಗಕ್ಕೆ ಕಟ್ಟಿದ್ದೀರಿ ಅಂದಮೇಲೆ ರೆಕ್ಕೆಗೂಡನ್ನು, ಅಂದರೆ ಹುಳದ ಬೆನ್ನ ಮೇಲಿನ ಉಬ್ಬನ್ನು, ಮೊನೆಯ ಕಡೆಗೆ ಕಟ್ಟಿ. ನೀರಿನಲ್ಲಿ ಅದೇ ಬೆನ್ನು.

ಮೊದಮೊದಲು ತುಂಡು ಶ್ಯಾಂಕ್ ಸುತ್ತ ತಿರುಗಿಬಿಡುತ್ತಿತ್ತು. ಫೆವಿಕ್ವಿಕ್ ಹಾಕಿದರೂ ನಾಲ್ಕು ಬಂಡೆ ತಾಗಿದ ಮೇಲೆ ಸಡಿಲ. ನುಣುಪಾದ ಲೋಹಕ್ಕೆ ಅಂಟು ಹಿಡಿಯಲ್ಲ. ಎಮರಿ ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಎಂಟರ ಆಕಾರದಲ್ಲಿ ದಾರ ಹಾಕಿದ ಮೇಲೂ ಪೂರ್ತಿ ನಿಲ್ಲಲಿಲ್ಲ. ನಿಲ್ಲಿಸಿದ್ದು ದಾರಕ್ಕೂ ಮೊದಲು ಶ್ಯಾಂಕ್ ಮೇಲೆ ಹಾಕುವ ಇನ್ನೊಂದು ವಸ್ತು. ಅದು ನಿಮ್ಮ ಮನೆಯಲ್ಲೇ ಇದೆ. ಅದೊಂದು ನನ್ನ ಹತ್ತಿರವೇ ಇರಲಿ ಬಿಡಿ.

ಉಳಿದದ್ದೆಲ್ಲ ಊರಿನ ಸಾಮಾನು. ಬಾಲಕ್ಕೆ ನಾಟಿ ಹುಂಜದ ಗರಿಯ ನಾಲ್ಕು ಎಳೆ. ರಿಬ್‌ಗೆ, ಅಂದರೆ ಮೈ ಮೇಲಿನ ಸುತ್ತುಗೆರೆಗಳಿಗೆ, ಮೋಟಾರ್ ವೈಂಡಿಂಗ್ ಅಂಗಡಿಯ 38 ಗೇಜ್ ತಾಮ್ರ, ಕೇಳಿದರೆ ಸುಮ್ನೆ ಕೊಡುತ್ತಾರೆ. ಮೈಗೆ ಕಂಬಳಿ ಉಣ್ಣೆ. ನಗಬೇಡಿ. ಚಳ್ಳಕೆರೆ ಕಡೆಯ ಹಳೇ ಕರಿ ಕಂಬಳಿಯ ಒಂದು ಮೂಲೆ ಕತ್ತರಿಸಿ, ಕೈಯಲ್ಲೇ ಬಿಡಿಸಿದರೆ ಕಪ್ಪು, ಕಂದು, ನಡುವೆ ಒಂದೊಂದು ಬಿಳಿ ಎಳೆ. ಒರಟು ಕೂದಲು ಹೊರಗೆ ಚಾಚಿಕೊಂಡು ಕಾಲಿನ ಹಾಗೆ ಆಡುತ್ತದೆ. ತೀರ್ಥನ್‌ನಲ್ಲಿ ಕಲ್ಲು ಎತ್ತಿ ನೋಡಿದರೆ ಅಂಟಿಕೊಂಡಿರುವ ಚಪ್ಪಟೆ ಹುಳಗಳಿಗೂ ಇದೇ ಬಣ್ಣ. ಮೊಲದ ಕೂದಲಿಗೆ ದುಡ್ಡು ಸುರಿಯೋದು ನಾನು ನಿಲ್ಲಿಸಿದ್ದೇನೆ. ಉಣ್ಣೆಯ ಜಿಡ್ಡು ಮಾತ್ರ ಸೀಗೆಕಾಯಿಯಲ್ಲಿ ತೊಳೆದು ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಹಿಡಿದುಕೊಂಡು ನಿಧಾನ ಮುಳುಗುತ್ತೆ.

ಮನೆ ಮೇಲಿನ ನೀಲಿ ಡ್ರಮ್ಮಿನಲ್ಲಿ ಮೊಬೈಲ್ ಹಿಡಿದು ಸಮಯವನ್ನೂ ನೋಡಿದೆ. ಮೂರಡಿ ಇಳಿಯಲು ಗಾಜಿನ ಮಣಿಯದು ಏಳೆಂಟು ಸೆಕೆಂಡ್, ಹಿತ್ತಾಳೆಯದು ನಾಲ್ಕರ ಮೇಲೆ. ಕಡ್ಡಿಯದು ಮೂರಕ್ಕಿಂತ ಕಮ್ಮಿ. ಮಣಿ ಹಾಕಿದ ನಿಂಫ್ ತಲೆ ಕೆಳಗಾಗಿ ಇಳಿದರೆ, ಇದು ಮಟ್ಟಸವಾಗಿ ಇಳಿಯುತ್ತದೆ. ಒಂದು ಮಿ.ಮೀ. ದಪ್ಪದ ಕಡ್ಡಿಯ ತುಂಡುಗಳನ್ನು ಎರಡೂ ಪಕ್ಕಕ್ಕೆ ಕಟ್ಟಿಯೂ ನೋಡಿದೆ. ಚಪ್ಪಟೆ ಮೈ ಬಂತು, ಸ್ಟೋನ್‌ಫ್ಲೈ ಹುಳದ ಥರ ಬಹಳ ಚೆಂದ. ಆದರೆ ಮಗುಚಿಕೊಳ್ಳಲಿಲ್ಲ, ಹೋದಷ್ಟೂ ಕಲ್ಲಿಗೇ ಹೋದವು.

ಹಿಂದಿನ ಅಕ್ಟೋಬರ್‌ನಲ್ಲಿ, ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಹಿಡಿಯಲು ಬೀಳುವ ನಿಷೇಧಕ್ಕೆ ಸ್ವಲ್ಪ ಮೊದಲು, ನಾಗಿನಿಯಿಂದ ಮೇಲಕ್ಕೆ ಹತ್ತಿದೆವು. ನೀರು ತಿಳಿಯಾಗಿತ್ತು. ಸ್ಪಿನ್ನರ್‌ನವರಿಗೆ ಒಂದೆರಡು. ನನಗೆ ಮಧ್ಯಾಹ್ನದೊಳಗೆ ಡಜನ್ ಹತ್ತಿರ, ಹೆಚ್ಚಿನವು ಗೇಣುದ್ದ, ಒಂದು ಮಾತ್ರ ಅಡಿ ದಾಟಿತ್ತು. ಎಲ್ಲ ವಾಪಸ್ ನೀರಿಗೆ. ಗಾಳದ ಮುಳ್ಳು ಮೊದಲೇ ಒತ್ತಿಟ್ಟಿರುತ್ತೇನೆ.

ಇದು 12 ಮತ್ತು 14ನೇ ನಂಬರಿನ ಗಾಳಕ್ಕೆ ಸರಿ. ಇನ್ನೂ ಚಿಕ್ಕದಾದ 16ಕ್ಕೆ ಒಂದು ಮಿ.ಮೀ. ದಪ್ಪದ ಕಡ್ಡಿಯನ್ನು ಮೂರು ಮಿ.ಮೀ. ತುಂಡು ಮಾಡಬೇಕು, ಅದು ಮುರಿಯುವಾಗ ಅರ್ಧ ಪುಡಿಯಾಗುತ್ತದೆ. ಸೂಜಿ ಸಾಣೆ ಹಿಡಿಯುವ ಒಬ್ಬರ ಹತ್ತಿರ ಕೊಟ್ಟಿದ್ದೇನೆ, ತುಂಡಿಗೆ ಎರಡು ರೂಪಾಯಿ ಕೇಳಿದ್ದಾರೆ.